ಎಎ ಮೀಟಿಂಗ್ ಹುಡುಕುವುದು ಹೇಗೆ?

ನಮ್ಮ ಭಾವ ಮೊದಲ ಸಲ ಎಎ, ಅಂದರೆ ಕುಡಿತ ಬಿಡಬಯಸುವವರ ಗುಂಪಿನ, ಮೀಟಿಂಗಿಗೆಂದು ಹೊರಟ ದಿನ ಒಳಗೆ ಹೋಗಲೇ ಇಲ್ಲ. ಚರ್ಚಿನ ಕಾಂಪೌಂಡಿನಲ್ಲೊಂದು ಕೊಠಡಿ, ಸಂಜೆ ಏಳು ಗಂಟೆ, ಬಾಗಿಲು ತೆರೆದೇ ಇತ್ತು. ಎದುರಿನ ಅಂಗಡಿಯಲ್ಲಿ ಎರಡು ಲೋಟ ಟೀ ಕುಡಿದು, ‘ಯಾವುದೋ ಪ್ರಾರ್ಥನಾ ಕೂಟ ಇರಬೇಕು’ ಎಂದು ಸ್ಕೂಟರ್ ತಿರುಗಿಸಿದರು. ಅದು ಪ್ರಾರ್ಥನಾ ಕೂಟವಾಗಿರಲಿಲ್ಲ. ಕಡಿಮೆ ಬಾಡಿಗೆಗೆ ಜಾಗ ಸಿಗುತ್ತದೆಂದು ಇಂಥ ಗುಂಪುಗಳು ಚರ್ಚು, ಶಾಲೆಗಳ ಕೊಠಡಿಗಳಲ್ಲಿ ಸೇರುವುದುಂಟು, ಅಷ್ಟೇ. (ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಮೊದಲು ವೈದ್ಯರು

ವರ್ಷಗಟ್ಟಲೆ ದಿನವೂ ಕುಡಿದವರು ‘ನಾಳೆಯಿಂದ ಮುಟ್ಟುವುದಿಲ್ಲ’ ಎಂದು ಮನೆಯಲ್ಲೇ ಏಕಾಏಕಿ ನಿಲ್ಲಿಸುವುದು ಅಪಾಯ. ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣಿಸತೊಡಗಿ, ಯಾರು ಏನೆಂದು ತಿಳಿಯದಂತಾಗಿ, ಪ್ರಾಣಕ್ಕೇ ಕುತ್ತು ಬರುವುದೂ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನೋ ಮೊದಲು ಕಾಣಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಮಾತು, ಮನೆಯವರಿಗೆ: ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಗೋಡೆಬರಹಗಳನ್ನು ನಂಬಬೇಡಿ. ಆ ಪುಡಿಯಲ್ಲಿ ಮದ್ಯದ ಜೊತೆ ಸೇರಿದರೆ ಅಪಾಯ ತರುವ ಡೈಸಲ್ಫಿರಾಂನಂಥ ಔಷಧಿ ಇರಬಹುದು, ತಿಂದದ್ದು ಗೊತ್ತಿಲ್ಲದವರು ಅದರ ಮೇಲೆ ಕುಡಿದರೆ ಜೀವಕ್ಕೇ ಸಂಚಕಾರ.

ಮೀಟಿಂಗ್ ಎಲ್ಲಿದೆ?

ಎಎ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ ಕೂಡಿ ಕಟ್ಟಿದ್ದು. ಭಾರತಕ್ಕೆ ಬಂದದ್ದು 1957ರಲ್ಲಿ. ಸದಸ್ಯತ್ವಕ್ಕೆ ಶುಲ್ಕವಿಲ್ಲ. ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಬಿಟ್ಟಿರಲೇಬೇಕೆಂದೇನೂ ಇಲ್ಲ.

ಎಎ ಇಂಡಿಯಾದ ಜಾಲತಾಣದಲ್ಲಿ ಸಹಾಯವಾಣಿ ಸಂಖ್ಯೆಯೂ ಮೀಟಿಂಗುಗಳ ವಿವರವೂ ಸಿಗುತ್ತವೆ. ಪಟ್ಟಿ ನೋಡಿ ನೇರವಾಗಿ ಹೊರಡಬೇಡಿ, ಜಾಗ ಬದಲಾಗಿರಬಹುದು. ಫೋನ್ ಮಾಡಿ. ಆ ಕಡೆ ಎತ್ತುವವರು ಸಾಮಾನ್ಯವಾಗಿ ತಾವೇ ಕುಡಿದು ಬಿಟ್ಟವರು, ಹಾಗಾಗಿ ಪೀಠಿಕೆ ಬೇಕಿಲ್ಲ. ಮೂರು ಪ್ರಶ್ನೆ ಕೇಳಿ: ಕನ್ನಡದಲ್ಲಿ ನಡೆಯುತ್ತದೆಯೇ? ಓಪನ್ ಮೀಟಿಂಗೋ ಕ್ಲೋಸ್ಡೋ? ಗೇಟಿನ ಬಳಿ ಯಾರಾದರೂ ಸಿಗುತ್ತಾರೆಯೇ? ಓಪನ್ ಆದರೆ ಮನೆಯವರೂ ಜೊತೆಗೆ ಹೋಗಿ ಕೂರಬಹುದು. ಕ್ಲೋಸ್ಡ್ ಎಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ನನ್ನ ಲೆಕ್ಕದಲ್ಲಿ ಮೂರನೆಯದೇ ಮುಖ್ಯ ಪ್ರಶ್ನೆ. ಎರಡನೇ ವಾರ ಭಾವ ಒಳಗೆ ಹೋದದ್ದು ವಿಳಾಸದ ಬಲದಿಂದಲ್ಲ. ಗೇಟಿನಲ್ಲಿ ಕಾಯುತ್ತಿದ್ದ ಹಿರಿಯರೊಬ್ಬರು ಟೀ ಅಂಗಡಿಗೇ ಬಂದು ಕರೆದದ್ದರಿಂದ.

ಒಳಗೆ ಏನಾಗುತ್ತದೆ?

ಒಂದು ಓಪನ್ ಮೀಟಿಂಗಿನಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹದಿನೈದು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ, ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಬ್ಯಾನರ್. ಒಬ್ಬೊಬ್ಬರೇ ಎದ್ದು ಬರಿಯ ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಶುರುಮಾಡುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಗಳ ಶಾಲಾ ಶುಲ್ಕದ ಹಣ ಹಿಡಿದು ಬಾರಿಗೆ ಹೋದದ್ದನ್ನು ಒಬ್ಬರು ಹೇಳಿದಾಗ ನಾಲ್ಕೈದು ತಲೆ ಮೆಲ್ಲಗೆ ಅಲ್ಲಾಡಿದವು. ಅವರೂ ಅದನ್ನೇ ಮಾಡಿದ್ದರೇನೋ. ಮಾತನಾಡಲು ಮನಸ್ಸಿಲ್ಲದಿದ್ದರೆ ‘ಇವತ್ತು ಕೇಳುತ್ತೇನೆ’ ಎಂದರೆ ಮುಗಿಯಿತು. ಕೊನೆಯಲ್ಲಿ ಒಂದು ಡಬ್ಬಿ ಸುತ್ತು ಬರುತ್ತದೆ, ಬಾಡಿಗೆಗೂ ಟೀಗೂ. ಹೊಸಬರು ಹಾಕಬೇಕಿಲ್ಲ. ಚಿಕ್ಕದೊಂದು ಪ್ರಾರ್ಥನೆಯೂ ಉಂಟು. ದೇವರನ್ನು ನಂಬದವರು ಸುಮ್ಮನೆ ನಿಲ್ಲಬಹುದು.

ಮುಗಿದ ಕೂಡಲೇ ಓಡಬೇಡಿ. ಇಬ್ಬರು ಮೂವರ ಮೊಬೈಲ್ ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಒತ್ತಬೇಕಾದದ್ದು ಮೊದಲ ಪೆಗ್ಗಿಗೆ ಮುಂಚೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಗುಂಪಿನಿಂದ ಗುಂಪಿಗೆ ವಾತಾವರಣವೇ ಬೇರೆ.

ಊರಿನಲ್ಲಿ ಎಎ ಇಲ್ಲದಿದ್ದರೆ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಕಚೇರಿಯಲ್ಲಿ ವಿಚಾರಿಸಿ. ಅದರ ಜೊತೆ ಕೆಲಸ ಮಾಡುವ ಜನಜಾಗೃತಿ ವೇದಿಕೆ ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಸೇರುತ್ತಾರೆ. ದೂರದೂರುಗಳಲ್ಲಿರುವವರಿಗೆ ಆನ್‌ಲೈನ್ ಮೀಟಿಂಗುಗಳಿವೆ, ಕ್ಯಾಮೆರಾ ಆಫ್ ಮಾಡಿಯೂ ಕೇಳಬಹುದು.

ಹೆಂಡತಿ, ತಂದೆತಾಯಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪಿದೆ. ಕುಡಿಯುವವರು ಮೀಟಿಂಗಿಗೆ ಒಪ್ಪದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು. ನಮ್ಮ ಅಕ್ಕ ಭಾವನಿಗಿಂತ ಮೂರು ತಿಂಗಳು ಮೊದಲೇ ಹೋಗತೊಡಗಿದ್ದಳು.

ಈಗ ಕೊಠಡಿಯ ಬೀಗದ ಕೈ ಭಾವನ ಬಳಿ ಇರುತ್ತದೆ. ಆರೂವರೆಗೇ ಹೋಗಿ ಕುರ್ಚಿ ಹಾಕುತ್ತಾರೆ. ಆಮೇಲೆ ಗೇಟಿನ ಬಳಿ ನಿಂತು, ಎದುರಿನ ಅಂಗಡಿಯಲ್ಲಿ ಯಾರಾದರೂ ಎರಡನೇ ಟೀ ಹೇಳುತ್ತಿದ್ದಾರೆಯೇ ಎಂದು ನೋಡುತ್ತಾರೆ.