ಎದೆ ಮೇಲಿನ ಪದಕಕ್ಕೆ ಚಿನ್ನದ ಬಣ್ಣ ಬೇಡ: ಪುಟ್ಟ ಸೈನಿಕರನ್ನು ಸಿಂಗರಿಸುವುದು ಹೇಗೆ?

ವಿಕ್ಟೋರಿಯಾ ಕ್ರಾಸ್ ಅಂದರೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ. ಅದರ ಮೊದಲ ಪ್ರದಾನದ ದೃಶ್ಯವನ್ನು ಪುಟ್ಟ ಸೈನಿಕರ ಬೊಂಬೆಗಳಲ್ಲಿ ಕಟ್ಟಿದವರ ಕಪಾಟು ನೋಡಿ. ಸಾಲಿನಲ್ಲಿ ನಿಂತ ಎಲ್ಲರ ಎದೆ ಮೇಲೂ ಫಳಫಳ ಚಿನ್ನದ ಪದಕ. ಅದೂ ತಟ್ಟೆಯಷ್ಟು ದೊಡ್ಡದು! ಮೂರು ತಪ್ಪು ಒಟ್ಟಿಗೇ.

1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರಾಣಿ ವಿಕ್ಟೋರಿಯಾ ಕುದುರೆಯಿಂದ ಇಳಿಯದೆಯೇ 62 ಜನರಿಗೆ ಪದಕ ಚುಚ್ಚಿದಳು. ಪದಕ ಕಂಚಿನದು, ಬಣ್ಣ ಮಂಕು ಕಂದು. ಸರದಿ ಬಾರದವರ ಎದೆಯಲ್ಲಿ ಅದು ಇರಲೇಬಾರದು. (ಮರುವರ್ಷವೇ ಬ್ರಿಟಿಷರ ವಿರುದ್ಧ ಅರಸ ಬಾಬಾಸಾಹೇಬರು ಎದ್ದ ನರಗುಂದದವರು, ‘ಈ ರಾಣಿ ನಿಮ್ಮ ಕಪಾಟಿನಲ್ಲಿ ಯಾಕ್ರೀ?’ ಎಂದು ಕೇಳಿದರೆ ಉತ್ತರ ನೀವೇ ಹುಡುಕಿಕೊಳ್ಳಿ.)

ಮೊದಲು ಬೊಂಬೆಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಆಮೇಲೆ ತೆಳುವಾಗಿ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಹಾಕುವ ತಳಪದರ. ಗ್ಯಾರೇಜಿನಲ್ಲಿ ಉಳಿದ ಕಾರಿನ ಪ್ರೈಮರ್ ಅಗ್ಗಕ್ಕೆ ಸಿಕ್ಕಿತೆಂದು ದಪ್ಪಗೆ ಬಳಿಯಬೇಡಿ, ಕಣ್ಣು, ಗುಂಡಿ ಎಲ್ಲ ಮುಚ್ಚಿಹೋಗುತ್ತವೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಂತೂ ಸ್ಪ್ರೇ ಬೇಡವೇ ಬೇಡ, ಬಣ್ಣ ಬೆಳ್ಳಗೆ ಮಂಜು ಹಿಡಿಯುತ್ತದೆ.

ಮುಂದೆ ಕೋಟು. ಎಲ್ಲರಿಗೂ ಕೆಂಪು ಬಳಿಯಬೇಡಿ. ಕಾಲಾಳುಗಳದು ಕೆಂಪು, ನೌಕಾಪಡೆ ಮತ್ತು ಫಿರಂಗಿ ದಳದ್ದು ಕಡುನೀಲಿ, ರೈಫಲ್ ಬ್ರಿಗೇಡಿನದು ಕಡುಹಸಿರು. ಕೆಂಪು ಮೊಂಡು ಬಣ್ಣ. ಕಪ್ಪು ಪ್ರೈಮರ್ ಮೇಲೆ ಏಳುವುದೇ ಇಲ್ಲ, ಅದಕ್ಕೆ ಕಂದು ತಳ ಹಾಕಿ ಎರಡು-ಮೂರು ತೆಳು ಪದರ ಬಳಿಯಿರಿ. ನೆರಳಿಗೆ ಕಂದು, ಬೆಳಕಿಗೆ ಕಿತ್ತಳೆ. ಬಿಳಿ ಬೆರೆಸಿದಿರೋ, ಸೈನಿಕ ಗುಲಾಬಿ ಆಗುತ್ತಾನೆ.

ಈಗ ಪದಕ. ಎಲ್ಲರೂ ಎಡವುವುದು ಇಲ್ಲೇ. ನಿಜವಾದ ರಿಬ್ಬನ್ನಿನ ಅಗಲ 38 ಮಿಲಿಮೀಟರ್. 54 ಮಿಲಿಮೀಟರ್ ಎತ್ತರದ ಬೊಂಬೆಯಲ್ಲಿ ಅದು ಸುಮಾರು 1.2 ಮಿಲಿಮೀಟರ್ ಅಷ್ಟೇ! ಅದಕ್ಕಿಂತ ದೊಡ್ಡದು ಬರೆಯಬೇಡಿ. ಆಗ ನೌಕಾಪಡೆಗೆ ನೀಲಿ ರಿಬ್ಬನ್, ಸೈನ್ಯಕ್ಕೆ ಕಡುಗೆಂಪು. ಕೆಂಪು ಕೋಟಿನ ಮೇಲೆ ಕೆಂಪು ರಿಬ್ಬನ್ ಕಾಣೋದೇ ಇಲ್ಲ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಮೊದಲು ಎದೆಯ ಎಡಭಾಗದಲ್ಲಿ ಕಡುಕಂದಿನ ಪುಟ್ಟ ಚೌಕ ಇಡಿ. ಪೂರ್ತಿ ಒಣಗಿದ ಮೇಲೆ, ಸುತ್ತ ಕೂದಲೆಳೆಯಷ್ಟು ಅಂಚು ಬಿಟ್ಟು, ಒಳಗೆ ಕೋಟಿಗಿಂತ ಗಾಢವಾದ ಕೆಂಪು ತುಂಬಿ. ಬ್ರಷ್ಷಿನ ತುದಿ ಮಾತ್ರ ತಾಗಲಿ. ಬಣ್ಣ ಜಾಸ್ತಿ ಹತ್ತಿದ್ದರೆ ಮೊದಲು ಕಾಗದಕ್ಕೆ ಒರೆಸಿಕೊಳ್ಳಿ. ಪದಕಕ್ಕೆ ಬ್ರಷ್ಷೇ ಬೇಡ. ಕಂದು ಬಣ್ಣಕ್ಕೆ ಚೂರೇ ಚೂರು ತಾಮ್ರದ ಬಣ್ಣ ಬೆರೆಸಿ, ಸೂಜಿಯ ತುದಿಯಿಂದ ಒಂದು ಚುಕ್ಕೆ, ಅದರ ನಾಲ್ಕೂ ಬದಿಗೆ ಒಂದೊಂದು. ಶಿಲುಬೆ ಆಯಿತು. ಭೂತಗನ್ನಡಿ ಇದ್ದರೆ ಒಳ್ಳೆಯದು. ಮೊಣಕೈ ಮೇಜಿನ ಮೇಲೆ ಊರಿರುವುದು ಅದಕ್ಕಿಂತ ಮುಖ್ಯ.

ಸರದಿಗೆ ಕಾಯುವವರ ಎದೆ ಖಾಲಿ ಅನಿಸಿದರೆ ಅವರು ಆಗಷ್ಟೇ ರಷ್ಯಾ ವಿರುದ್ಧ ಹೋರಾಡಿ ಬಂದಿದ್ದ ಕ್ರಿಮಿಯಾ ಯುದ್ಧದ ಪದಕ ಬರೆಯಬಹುದು. ಅದು ಬೆಳ್ಳಿಯದು, ರಿಬ್ಬನ್ ತಿಳಿನೀಲಿ, ಅಂಚು ಹಳದಿ.

ಮುಖ, ಪ್ಯಾಂಟು ಸುಲಭ. ಕಣ್ಣಿಗೆ ಬಿಳಿ ತುಂಬಬೇಡಿ, ಕಂದು ಗೆರೆ ಸಾಕು.

ಕೊನೆಗೆ ಮಂದ ಹೊಳಪಿನ ವಾರ್ನಿಶ್, ತೆಳುವಾಗಿ. ಮಿಂಚುವ ವಾರ್ನಿಶ್ ಬೂಟುಗಳಿಗೆ ಮಾತ್ರ.