ಫ್ರಿಜ್‌ನ ತಪ್ಪಲ್ಲ, ಹಟ್ಟಿಯ ಲೈಟಿನದ್ದು

ನಮ್ಮ ಮನೆ ಬದಿಯಡ್ಕದ ಹತ್ತಿರ. ಜೂನ್ ಮಳೆ ಜೋರಾದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ಲೈಟಿನ ಎಂಸಿಬಿ (ಬೋರ್ಡಿನಲ್ಲಿ ಆ ಲೈನಿನ ಸ್ವಿಚ್) ಆಫ್ ಮಾಡಿ ನೋಡಿದೆ. ಫ್ರಿಜ್ ಓಡಿದ ಕೂಡಲೇ ಮತ್ತೆ ಕತ್ತಲೆ. ಪಾಪ, ಫ್ರಿಜ್‌ಗೆ ಸುಮ್ನೆ ಬೈದೆ.

ವಯರ್‌ಮ್ಯಾನ್ ಅಣ್ಣ ಬಂದು ನಕ್ಕರು. "ನಿಮ್ಮ ಎಂಸಿಬಿ ಕರೆಂಟ್ ಹೋಗುವ ಫೇಸ್ ಮಾತ್ರ ಕಡಿಯುವುದು, ವಾಪಸ್ ಬರುವ ನ್ಯೂಟ್ರಲ್ ಹಾಗೇ ಇರ್ತದಲ್ವಾ?" ಲೈಟಿನ ನ್ಯೂಟ್ರಲ್ ಎಲ್ಲೋ ಅರ್ತ್‌ಗೆ (ನೆಲಕ್ಕೆ) ತಾಗಿದ್ದರೆ, ಫ್ರಿಜ್‌ನ ಕರೆಂಟ್ ಸ್ವಲ್ಪ ಆ ದಾರಿಯಲ್ಲಿ ಸೋರುತ್ತದಂತೆ. ಹೋದ ಕರೆಂಟೂ ಬಂದದ್ದೂ ಸರಿಹೊಂದದೆ ಆರ್‌ಸಿಸಿಬಿ ಬೀಳುತ್ತದೆ.

ಮೇನ್ ಆಫ್ ಮಾಡಿ, ಟೆಸ್ಟರಿನಲ್ಲಿ ನೋಡಿ, ಅವರು ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿದರು. ಹಟ್ಟಿಯ (ದನದ ಕೊಟ್ಟಿಗೆಯ) ಲೈಟಿನದ್ದು ಬಿಚ್ಚಿ ಮೇನ್ ಆನ್ ಮಾಡಿದಾಗ ಆರ್‌ಸಿಸಿಬಿ ಬೀಳದೆ ನಿಂತಿತು. ಅಲ್ಲಿನ ಜಂಕ್ಷನ್ ಬಾಕ್ಸ್ ತೆರೆದರೆ ಇರುವೆ ಗೂಡು, ಒದ್ದೆ ಮಣ್ಣು! ವಯರ್ ಬದಲಿಸಿ, ನೀರು ಹೋಗದ ಬಾಕ್ಸ್ ಹಾಕಿದೆವು. ನಿನ್ನೆ ರಾತ್ರಿಯಿಡೀ ಮಳೆ, ಫ್ರಿಜ್ ಓಡುತ್ತಲೇ ಇತ್ತು.