ಬೈಕ್ ಟ್ಯಾಂಕ್ ಒಳಗಿನ ಹಳೇ ಸೀಲರ್ ಕೋಟಿಂಗ್ ತೆಗೆದ ನನ್ನ ಅನುಭವ

ಗಾಡಿ ಸ್ವಲ್ಪ ದೂರ ಹೋಗಿ ಆಫ್ ಆಗ್ತಿತ್ತು, ಕಾರ್ಬೊರೇಟರ್ ಎಷ್ಟು ಕ್ಲೀನ್ ಮಾಡಿದ್ರೂ ಮತ್ತೆ ಅದೇ ಕಥೆ, ಕೊನೆಗೆ ಪೆಟ್ರೋಲ್ ಕಾಕ್ (ಟ್ಯಾಂಕ್ ಕೆಳಗಿನ ನಲ್ಲಿ) ಬಿಚ್ಚಿದ್ರೆ ಅದರ ಜಾಲರಿಗೆ ಬಿಳಿ ಸಿಪ್ಪೆ ಥರ ಚೂರುಗಳು ಅಂಟ್ಕೊಂಡಿದ್ವು. ಹಿಂದೆ ಯಾರೋ ಹಾಕ್ಸಿದ್ದ ಸೀಲರ್, ಅಂದ್ರೆ ತುಕ್ಕು, ಸೋರಿಕೆ ತಡೆಯೋಕೆ ಟ್ಯಾಂಕ್ ಒಳಗೆ ಬಳಿಯೋ ಪದರ, ಎದ್ದು ಬರ್ತಾ ಇತ್ತು. ಹಳೇ ಕಾಲದ ಕೆಲವು ಸೀಲರ್‌ಗಳಿಗೆ ಎಥನಾಲ್ ಇರೋ ಪೆಟ್ರೋಲ್ ಆಗ್ಬರಲ್ಲ, ಮೆತ್ತಗಾಗಿ ಬಿಟ್ಕೊಳ್ತವೆ.

ಮೊದಲು ಒಂದು ಚೂರನ್ನ ಗಾಜಿನ ಬಾಟಲಿಲಿ ಅಸಿಟೋನ್ (ಪೇಂಟ್ ಕರಗಿಸೋ ದ್ರಾವಕ) ಜೊತೆ ಹಾಕಿಟ್ಟೆ, ಮೆತ್ತಗಾಗಿ ಲೋಳೆಯಾಯ್ತು, ಅಂದ್ರೆ ಕೆಲಸ ಆಗುತ್ತೆ ಅಂತ ಅರ್ಥ. ಗಟ್ಟಿ ಎಪಾಕ್ಸಿ ಸೀಲರ್ ಆಗಿದ್ರೆ ಅಸಿಟೋನ್‌ಗೆ ಸುಲಭಕ್ಕೆ ಬಗ್ಗಲ್ಲ. ಈ ಟೆಸ್ಟ್ ಬಿಡ್ಲೇಬೇಡಿ.

ಆಮೇಲೆ ಕಾಕ್ ಜಾಗಕ್ಕೆ ತಗಡಿನ ಪ್ಲೇಟ್, ಅದರ ಕೆಳಗೆ ಬ್ಯುಟೈಲ್ ರಬ್ಬರಿನ ಸೈಕಲ್ ಟ್ಯೂಬ್ ತುಂಡು ಕೊಟ್ಟು ಟೈಟ್ ಮಾಡ್ದೆ (ಮಾಮೂಲಿ ನೈಟ್ರೈಲ್ ರಬ್ಬರ್ ವಾಷರ್ ಅಸಿಟೋನಲ್ಲಿ ಊದ್ಕೊಳ್ಳುತ್ತೆ), ಅಸಿಟೋನ್ ಸುರಿದು ರಾತ್ರಿಯಿಡೀ ಬಿಟ್ಟು, ಮಧ್ಯೆ ಮಧ್ಯೆ ಮಗ್ಗುಲು ಬದಲಾಯಿಸ್ತಾ ಇದ್ದೆ. ಹೊರಗಿನ ಪೇಂಟ್ ಮೇಲೆ ಒಂದು ಹನಿ ಬಿದ್ರೂ ಕಲೆ ಗ್ಯಾರಂಟಿ, ಹಾಗಾಗಿ ಟ್ಯಾಂಕ್ ಬಾಯಿ ಸುತ್ತ ಪಾಲಿಥೀನ್ ಕಟ್ಟಿದ್ದೆ. ಬಯಲಲ್ಲೇ ಮಾಡಿ, ಅಸಿಟೋನ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ದೂರದ ಕಿಡಿಗೂ ಹೊತ್ಕೊಳ್ಳುತ್ತೆ.

ಬೆಳಿಗ್ಗೆ ಬಗ್ಗಿಸಿದ್ರೆ ಗಂಜಿ ಥರ ಬಂತು. ಮೂಲೇಲಿ ಉಳಿದಿದ್ದಕ್ಕೆ ಹೊಸ ಅಸಿಟೋನ್ ಹಾಕಿ, ಒಂದು ಹಿಡಿ ನಟ್‌ಗಳನ್ನೂ ಹಾಕಿ ಅಲ್ಲಾಡಿಸಿದೆ, ನಟ್ ಎಣಿಸಿ ಹಾಕಿ ಎಣಿಸಿ ತೆಗೀರಿ. ತೆಗೆದಿದ್ದನ್ನ ಚರಂಡಿಗೆ ಸುರೀಬೇಡಿ.

ಕ್ಲೀನ್ ಆದ ಬರೀ ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತೆ, ಅದಕ್ಕೆ ಪೂರ್ತಿ ಒಣಗಿದ ತಕ್ಷಣ ಟೂ ಸ್ಟ್ರೋಕ್ ಆಯಿಲ್ ಒಳಗೆಲ್ಲಾ ಸವರೋ ಹಾಗೆ ತಿರುಗಿಸಿದೆ. ತೂತು ಎಲ್ಲೂ ಇರ್ಲಿಲ್ಲ, ಹೊಸ ಸೀಲರ್ ಹಾಕ್ಲೇ ಇಲ್ಲ. ಈಗ ಜಾಲರಿ ಕ್ಲೀನಾಗಿದೆ, ಗಾಡಿ ನಿಲ್ತಿಲ್ಲ.